ಕಾಯಿಹಾಲಿನ ಮಳೆಗಾಲ

ಮೊನ್ನೆ ಮೈಸೂರಿಗೆ ಹೊರಟಿದ್ದ ತಮ್ಮನನ್ನು ಮದರಾಸಿನ ಕೋಯಂಬೇಡಿನಲ್ಲಿ ಬಸ್ಸು ಹತ್ತಿಸಿ ಹೊರಗೆ ಬರುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಕೊಡೆ ತಂದಿರಲಿಲ್ಲ. ಓಡಿ ಹೋಗಿ ಮಾರುಕಟ್ಟೆಯ ಸೂರಿನ ಕೆಳಗೆ ನಿಂತೆ. ಎದುರಿಗೆ ಲಾರಿಯಿಂದ ತೆಂಗಿನಕಾಯಿ ಇಳಿಸುತ್ತಿದ್ದರು. ತೊಯ್ದ ನಾರಿನ ವಾಸನೆ ಬಂತು. ಅದರ ಬೆನ್ನಿಗೇ, ಇಳಿಸುವಾಗ ಬಿದ್ದು ಒಡೆದ ಯಾವುದೋ ಕಾಯಿಯ ತಣ್ಣನೆಯ ಸಿಹಿ ವಾಸನೆ. ಮಳೆ ನಿಂತ ಮೇಲೂ ನಾನು ಅಲ್ಲಿಂದ ಕದಲಲಿಲ್ಲ. ಮಾಧವರಂನಲ್ಲಿ ಕಳೆದ ಒಂದು ಮಳೆಗಾಲ ಇಡಿಯಾಗಿ ಎದುರಿಗೆ ಬಂದು ನಿಂತಿತ್ತು. ಮನೆಯಲ್ಲಿ ಒಲೆಯನ್ನೇ ಹಚ್ಚದೆ, ತೆಂಗಿನಕಾಯಿಯನ್ನು ನಂಬಿಕೊಂಡು ಬದುಕಿದ ಮಳೆಗಾಲ ಅದು. ನಾನು ಗೆದ್ದೆ ಎಂದು ಎದೆ ತಟ್ಟಿ ಹೇಳಿಕೊಳ್ಳುವಂಥ ಸಂಗತಿಗಳು ನನ್ನ ಬದುಕಿನಲ್ಲಿ ಹೆಚ್ಚಿಲ್ಲ. ಇದೊಂದು ಇದೆ.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ಹೆಂಡತಿ ಶೈಲಾಗೆ ಹುಬ್ಬಳ್ಳಿಗೆ ವರ್ಗವಾಯಿತು. ಅವಳದು ಬ್ಯಾಂಕಿನ ಕೆಲಸ. ಒಂದು ವರ್ಷದ ಮಾತು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂದೆ ಎಂದು ಹೊರಟಳು. ಮಗಳು ಆಗಲೇ ಹಾಸ್ಟೆಲ್ ಸೇರಿದ್ದಳು. ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದ ನಾನು ಮಾಧವರಂನ ಹಾಲಿನ ಡೈರಿಯ ಹತ್ತಿರ, ಬಾಡಿಗೆ ಮನೆಯ ಮಹಡಿಯಲ್ಲಿ ಒಬ್ಬನೇ ಉಳಿದೆ. ಐವತ್ತು ದಾಟಿದ ಗಂಡಸು, ಅನ್ನಕ್ಕೆ ನೀರೆಷ್ಟು ಇಡಬೇಕೆಂದು ಗೊತ್ತಿಲ್ಲ. ಶೈಲಾ ಫೋನಿನಲ್ಲೇ ಹೇಳಿಕೊಟ್ಟಳು. ಅವಳು ಹೇಳಿದ ಹಾಗೇ ಮಾಡಿದರೂ ಸಾರು ತಳ ಹಿಡಿಯುತ್ತಿತ್ತು, ಬೇಳೆ ಬೇಯುತ್ತಲೇ ಇರಲಿಲ್ಲ. ಕೊನೆಗೆ ಹೋಟೆಲಿಗೆ ಗಂಟುಬಿದ್ದೆ. ಬೆಳಿಗ್ಗೆ ಪೊಂಗಲ್, ಮಧ್ಯಾಹ್ನ ಮೀಲ್ಸ್, ಸಂಜೆ ಬಜ್ಜಿ, ರಾತ್ರಿ ಪರೋಟ. ಎರಡು ತಿಂಗಳಿಗೇ ಹೊಟ್ಟೆ ಮುಂದಕ್ಕೆ ಬಂತು, ನಿದ್ದೆ ಹಿಂದಕ್ಕೆ ಹೋಯಿತು. ಒಂದು ದಿನ ಕಾರ್ಖಾನೆಯಲ್ಲಿ ಲಿಫ್ಟ್ ಕೆಟ್ಟಿತ್ತು. ಮೂರನೇ ಮಹಡಿ ಹತ್ತಿದವನು ಮೀಟಿಂಗಿನಲ್ಲಿ ಮಾತಾಡಲಾರದೆ ಏದುಸಿರು ಬಿಡುತ್ತ ನಿಂತೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ತಾನೇ ಎದ್ದು ಕುರ್ಚಿ ಕೊಟ್ಟಳು. ಆ ಕುರ್ಚಿಯಲ್ಲಿ ಕೂತಾಗ ಆದ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅದೇ ವಾರ ಸಹೋದ್ಯೋಗಿಯೊಬ್ಬರು ಒಂದು ಶಿಬಿರಕ್ಕೆ ಕರೆದುಕೊಂಡು ಹೋದರು. ಬೇಯಿಸದೆ ತಿನ್ನುವುದನ್ನು ಕಲಿಸುವ ಶಿಬಿರ. ಅಲ್ಲಿ ಹೇಳಿದ ದೊಡ್ಡ ದೊಡ್ಡ ಮಾತುಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಹಿಡಿಸಿದ್ದು ಒಂದೇ: ಒಲೆ ಹಚ್ಚಬೇಕಾಗಿಲ್ಲ. ಹಚ್ಚದಿದ್ದರೆ ತಳ ಹಿಡಿಯುವ ಪ್ರಶ್ನೆಯೇ ಇಲ್ಲ. ಶೈಲಾ ಬರುವವರೆಗೆ ಹೀಗೇ ಇದ್ದು ನೋಡೋಣ ಎಂದು ನಿಶ್ಚಯ ಮಾಡಿದೆ.

ಮೊದಲ ವಾರ ಸೌತೆಕಾಯಿ, ಕ್ಯಾರೆಟ್ಟು, ಮೊಳಕೆ ಹೆಸರುಕಾಳು. ಎಷ್ಟು ಅಗಿದರೂ ಒಂದು ಗಂಟೆಗೆ ಮತ್ತೆ ಹಸಿವು. ಹಸಿ ಊಟದಲ್ಲಿ ಹೊಟ್ಟೆಯಲ್ಲಿ ನಿಲ್ಲುವ ಪದಾರ್ಥವೆಂದರೆ ತೆಂಗಿನಕಾಯಿ ಎಂದು ಶಿಬಿರದಲ್ಲಿ ಹೇಳಿದ್ದರು. ಬೀದಿ ತುದಿಯ ಅಂಗಡಿಯಿಂದ ಒಂದು ತಂದೆ. ಒಡೆದರೆ ನೀರು ಹುಳಿ. ಇನ್ನೊಂದು ತಂದರೆ ಒಳಗೆ ಅರ್ಧ ಕೊಬ್ಬರಿಯಾಗಿ ಎಣ್ಣೆ ಕಮಟು. ಅದನ್ನೇ ಬದಲಾಯಿಸಿ ತಂದದ್ದು ಸಪ್ಪೆ, ರಬ್ಬರಿನ ಹಾಗೆ. ಇಷ್ಟು ವರ್ಷ ನಾನು ಇಂಥ ಕಾಯಿಯನ್ನೇ ಚಟ್ನಿಯಲ್ಲಿ, ಹುಳಿಯಲ್ಲಿ ತಿಂದಿದ್ದೆ. ಮೆಣಸಿನಕಾಯಿ, ಹುಣಸೆಹಣ್ಣು, ಒಗ್ಗರಣೆ ಎಲ್ಲ ಸೇರಿ ಅದರ ದೋಷವನ್ನು ಮುಚ್ಚಿಬಿಡುತ್ತಿದ್ದವು. ಹಸಿಯಾಗಿ ತಿನ್ನುವವನಿಗೆ ಆ ರಿಯಾಯಿತಿ ಇಲ್ಲ.

ಕೆಳಗಿನ ಮನೆಯಲ್ಲಿ ಒಡತಿ ಪದ್ಮಮ್ಮನವರು ಇದ್ದರು. ಎಪ್ಪತ್ತು ದಾಟಿದ ಮಾಧ್ವ ಹೆಂಗಸು. ಅವರ ಅಜ್ಜನ ಕಾಲಕ್ಕೇ ಮದರಾಸಿಗೆ ಬಂದ ಮನೆತನ, ಮಾತಿನಲ್ಲಿ ಕನ್ನಡ ತಮಿಳು ಎರಡೂ ಬೆರೆತಿತ್ತು. ಗಂಡ ತೀರಿಕೊಂಡ ಮೇಲೆ ಒಬ್ಬರೇ. ಅವರ ಕೈಯ ಹೋಳಿಗೆಯ ಹೆಸರು ನಮ್ಮ ಕಡೆಯ ಕನ್ನಡದವರಿಗೆಲ್ಲ ಗೊತ್ತು. ನಾನು ಹಸಿ ತರಕಾರಿಯ ಚೀಲ ಹಿಡಿದು ಮೆಟ್ಟಿಲು ಹತ್ತುವುದನ್ನು ಕೆಲವು ದಿನ ನೋಡಿದವರು, ಒಂದು ಸಂಜೆ ತಡೆದು ನಿಲ್ಲಿಸಿದರು.

"ಏನಪ್ಪಾ ರಘು, ಅಡುಪ್ಪೇ ಹಚ್ತಾ ಇಲ್ವಂತೆ? ಒಡಂಬು ಶರಿಯಿಲ್ವಾ?"

"ಮೈ ಚೆನ್ನಾಗೇ ಇದೆಯಮ್ಮ. ಒಲೆ ಹಚ್ಚದೆ, ಬೇಯಿಸದೆ ತಿಂದು ನೋಡೋಣ ಅಂತ."

"ಪಚ್ಚೆಯಾಗಾ? ಆಡು ಮಾಡು ತಿನ್ನೋ ಹಾಗೆ? ಅದೆಂಥದು! ಶೈಲಾ ಬಂದು ಕೇಳಿದ್ರೆ ನಾನ್ ಏನ್ ಬದಿಲು ಹೇಳ್ಲಿ?" ಎಂದು ಅಲ್ಲೇ ಒಳಗೆ ಹೋಗಿ ಒಂದು ಪಾತ್ರೆ ಸಾರು ತಂದು ಕೈಗಿಟ್ಟರು. ನಾನು ಬಹಳ ವಿನಯದಿಂದ ಬೇಡ ಎಂದೆ. ಅವರು ಪಾತ್ರೆಯನ್ನು ಹಿಂದಕ್ಕೆ ತೆಗೆದುಕೊಂಡ ರೀತಿಯಲ್ಲೇ ನನಗೆ ಅವರ ನೋವು ಗೊತ್ತಾಗಬೇಕಿತ್ತು. ಜೀವಮಾನವಿಡೀ ನಾಲ್ಕು ಜನಕ್ಕೆ ಬಡಿಸಿ ಬದುಕಿದವರು ಅವರು. ಅವರದೇ ಮಹಡಿಯಲ್ಲಿ ಇದ್ದುಕೊಂಡು ಅವರ ಕೈಯಡುಗೆಯನ್ನು ಬೇಡ ಎಂದವನು ನಾನೊಬ್ಬನೇ ಇರಬೇಕು.

ಒಳ್ಳೆಯ ಕಾಯಿ ಸಿಗಬೇಕಾದರೆ ಕೋಯಂಬೇಡಿಗೆ ಹೋಗಬೇಕು ಎಂದು ತೀರ್ಮಾನಿಸಿ ಒಂದು ಭಾನುವಾರ ಬೆಳಗಾಗುತ್ತಿದ್ದಂತೆ ಸ್ಕೂಟರ್ ಹತ್ತಿದೆ. ಕಾಯಿಯ ಓಣಿಯಲ್ಲಿ ಸೆಲ್ವಿ ಎಂಬಾಕೆಯ ಮಂಡಿ. ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಕೂಲಿಗಳನ್ನು ಬೈಯುತ್ತ ನಿಂತಿದ್ದಳು. ಮೂಟೆಗಟ್ಟಲೆ ಮಾರುವವಳು, ಚಿಲ್ಲರೆ ಗಿರಾಕಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. "ಇಳಸಾ, ಮುತ್ತಲಾ?" ಎಂದಳು. ಎಳೆಯದೋ ಬಲಿತದ್ದೋ ಎಂದು ಕೇಳಿದ್ದಳು. ನನಗೆ ಉತ್ತರ ಗೊತ್ತಿರಲಿಲ್ಲ. "ಒಳ್ಳೆಯದು" ಎಂದೆ. ಅವಳು ನಕ್ಕು ಬೇರೆ ಕಡೆ ತಿರುಗಿದಳು. ರಾಶಿಯಿಂದ ನಾನೇ ಆರಿಸಿದೆ. ಮನೆಗೆ ತಂದು ಒಡೆದರೆ ಅದರಲ್ಲೂ ಅರ್ಧ ಬರೀ ದಂಡ.

ಆದರೆ ನಾನು ಬಿಡಲಿಲ್ಲ. ಪ್ರತಿ ಭಾನುವಾರ ಹೋದೆ. ಕಾರ್ಖಾನೆಯಲ್ಲಿ ವಾಲ್ವುಗಳ ದೋಷ ಹುಡುಕುವುದೇ ನನ್ನ ಕೆಲಸ. ಕಾಯಿಯನ್ನೂ ಹಾಗೇ ಹಿಡಿದೆ. ಒಡೆಯುವ ಮುಂಚೆ ಕೈಯಲ್ಲಿ ತೂಗುವುದು, ಕಿವಿಯ ಹತ್ತಿರ ಅಲ್ಲಾಡಿಸುವುದು, ಒಳಗೆ ಹೇಗಿದೆಯೆಂದು ಊಹಿಸುವುದು, ಆಮೇಲೆ ಒಡೆದು ನೋಡುವುದು. ನೀರು ತುಂಬಿರುವ ಹೊಸ ಕಾಯಿ ಹೆಚ್ಚು ಸದ್ದು ಮಾಡುವುದಿಲ್ಲ. ಹಳೆಯದಾದಂತೆ ಒಳಗೆ ಜಾಗವಾಗಿ ನೀರು ಕುಲುಕಾಡುತ್ತದೆ. ಕಣ್ಣುಗಳು ಒಣಗಿರಬೇಕು. ಜುಟ್ಟು ಬುಡದಲ್ಲಿ ಗಟ್ಟಿಯಾಗಿರಬೇಕು. ಇದನ್ನೆಲ್ಲ ಯಾರು ಬೇಕಾದರೂ ಹೇಳಿಯಾರು, ಆದರೆ ಅಂಗೈಗೆ ತಾನಾಗಿ ಗೊತ್ತಾಗುವುದಕ್ಕೆ ನನಗೆ ತಮಿಳರ ಆಡಿ, ಆವಣಿ ಎರಡೂ ತಿಂಗಳು ಬೇಕಾದವು. ಒಂದು ದಿನ ನಾನು ಆರಿಸಿ ಬದಿಗಿಟ್ಟ ಕಾಯಿಗಳನ್ನು ಸೆಲ್ವಿ ಒಂದೊಂದಾಗಿ ಎತ್ತಿ ನೋಡಿ, ಒಂದನ್ನೂ ಬದಲಾಯಿಸದೆ ಚೀಲಕ್ಕೆ ಹಾಕಿದಳು. ಮುಂದಿನ ವಾರದಿಂದ ನನಗೆ ಹೊಸ ಲೋಡು ಬಂದ ಕಡೆಗೆ ಕೈ ತೋರಿಸತೊಡಗಿದಳು.

ಆಮೇಲೆ ಶುರುವಾಯಿತು ನೋಡಿ ನನ್ನ ಸಂಭ್ರಮ. ಕತ್ತಿಯ ಬೆನ್ನಿನಿಂದ ಕಾಯಿಯ ಸುತ್ತ ಸಣ್ಣಗೆ ಹೊಡೆಯುತ್ತ ಬಂದರೆ ಅದು ಎರಡು ಬಟ್ಟಲಾಗಿ ಬಿಚ್ಚಿಕೊಳ್ಳುತ್ತದೆ, ನೀರು ಒಂದು ಹನಿ ಚೆಲ್ಲದೆ ಲೋಟಕ್ಕೆ ಇಳಿಯುತ್ತದೆ. ಬೆಳಿಗ್ಗೆ ಆ ನೀರು. ಮಧ್ಯಾಹ್ನದ ಡಬ್ಬಿಗೆ ಕಾಯಿತುರಿ ಬೆರೆಸಿದ ಕೋಸಂಬರಿ. ಸಂಜೆ ಎಳನೀರಿನೊಳಗಿನ ಗಂಜಿಯನ್ನು ಬಾಳೆಹಣ್ಣಿನ ಜೊತೆ ಕಿವುಚಿ, ಏಲಕ್ಕಿ ಹಾಕಿ ತಿನ್ನುವುದು. ತುರಿಯನ್ನು ರುಬ್ಬಿ ಬಟ್ಟೆಯಲ್ಲಿ ಹಿಂಡಿ ತೆಗೆದ ಹಾಲನ್ನು ಮಾತ್ರ ಎಷ್ಟು ಕುಡಿದರೂ ನನಗೆ ಸಾಕೆನಿಸುತ್ತಿರಲಿಲ್ಲ. ಹಿಂಡಿ ಉಳಿದ ಚರಟವನ್ನೂ ಬಿಡದೆ ಖರ್ಜೂರದ ಜೊತೆ ಗುದ್ದಿ ಉಂಡೆ ಕಟ್ಟಿದೆ. ಡೈರಿಯ ಗೇಟಿನ ಹತ್ತಿರ ತಳ್ಳುಗಾಡಿಯಲ್ಲಿ 'ತೇಂಗಾಯ್ ಪೂ' ಮಾರುತ್ತಿದ್ದರು. ಮೊಳೆತ ಕಾಯಿಯೊಳಗೆ ನೀರೆಲ್ಲ ಹೀರಿಕೊಂಡು ಬೆಳೆಯುವ ಬೆಳ್ಳನೆಯ ಗೆಡ್ಡೆ ಅದು. ಸ್ಪಂಜಿನ ಹಾಗೆ ಮೆತ್ತಗೆ, ಅಗಿದರೆ ಸಿಹಿ. ವಾರಕ್ಕೊಮ್ಮೆ ಅದು ನನ್ನ ಹಬ್ಬದೂಟ.

ಇದು ಎಲ್ಲರಿಗೂ ಒಗ್ಗುತ್ತದೆ ಎಂದು ನಾನು ಹೇಳಲಾರೆ. ನನಗೆ ಒಗ್ಗಿತು. ಪ್ಯಾಂಟು ಸಡಿಲವಾಯಿತು. ಮಲಗಿದರೆ ನಿದ್ದೆ ಬರತೊಡಗಿತು. ಲಿಫ್ಟ್ ಸರಿಯಾದ ಮೇಲೂ ನಾನು ಮೆಟ್ಟಿಲಲ್ಲೇ ಹತ್ತಿ ಮೂರನೇ ಮಹಡಿಗೆ ಹೋಗಿ, ಉಸಿರು ತೆಗೆದುಕೊಳ್ಳದೆ ಮಾತು ಶುರು ಮಾಡುತ್ತಿದ್ದೆ. ಶೈಲಾ ಫೋನಿನಲ್ಲಿ ಮುಖ ನೋಡಿ, "ಯಾರೋ ಮದುವೆ ಗಂಡಿನ ಥರ ಕಾಣ್ತೀರಲ್ರೀ" ಎಂದಳು.

ಪದ್ಮಮ್ಮನವರು ಮಾತ್ರ ಕರಗಲಿಲ್ಲ. ಗೋಕುಲಾಷ್ಟಮಿಯ ದಿನ ಕಾಯಿಹಾಲಿನ ರಸಾಯನ ಮಾಡಿ ಒಯ್ದು ಕೊಟ್ಟೆ. ದೇವರ ಮುಂದೆ ಇಟ್ಟರು, ಕಣ್ಣಿಗೊತ್ತಿಕೊಂಡರು. "ನೈವೇದ್ಯಕ್ಕೆ ಶರಿ. ಊಟ ಅಂದ್ರೆ ಇದಲ್ಲಪ್ಪ" ಎಂದರು. ಅವರ ಕಣ್ಣಲ್ಲಿ ನಾನು ಊಟ ಬಿಟ್ಟು ಉಪವಾಸ ಕೂತವನು. ನವರಾತ್ರಿ ಕಳೆದ ಮೇಲೆ ಒಂದು ದಿನ ನೇರವಾಗಿಯೇ ಹೇಳಿದರು.

"ನೋಡು ರಘು, ಅಡುಪ್ಪು ಹಚ್ಚದ ಮನೆ ಅಂದ್ರೆ ನಂಗೆ ಮನಸ್ಸಿಗೆ ಶಂಕಟ. ಈ ಮಹಡೀಲಿ ನಮ್ಮ ಮಾಮನಾರು ಕಾಲದಿಂದ ಒಂದು ದಿನ ಬೆಂಕಿ ಆರಿರ್ಲಿಲ್ಲ. ಕಾರ್ತಿಕ ಮುಗಿಯೋವರ್ಗೂ ಪಾಕ್ತೀನಿ. ಆಮೇಲೂ ಇದೇ ಪಿಡಿವಾದ ಆದ್ರೆ ನೀನು ಬೇರೆ ಮನೆ ನೋಡ್ಕೊಂಡ್ರೆ ನಲ್ಲದು."

ಕಾರ್ತಿಕ ಮುಗಿದ ಮೇಲೂ ನಾನು ಹಟ ಬಿಡದಿದ್ದರೆ ಮನೆ ಖಾಲಿ ಮಾಡಬೇಕೆಂದು ಅರ್ಥ. ನಗುತ್ತಾರೇನೋ ಎಂದು ಮುಖ ನೋಡಿದೆ. ನಗಲಿಲ್ಲ. ಮನೆ ಬಿಡುವುದೆಂದರೆ ನನಗೆ ಬರೀ ಸಾಮಾನು ಸಾಗಿಸುವ ಕಷ್ಟವಲ್ಲ. ಶೈಲಾಗೆ ಪದ್ಮಮ್ಮನೆಂದರೆ ತವರಿನವರ ಹಾಗೆ. ಅವಳು ಬರುವ ಹೊತ್ತಿಗೆ ಆ ನಂಟನ್ನು ಮುರಿದುಕೊಂಡು ಕೂತಿದ್ದರೆ ಏನು ಹೇಳಲಿ? ಒಲೆಯ ಮೇಲೆ ಸುಮ್ಮನೆ ಒಂದು ಪಾತ್ರೆ ನೀರಿಟ್ಟು ಕಾಯಿಸಿದರೂ ಅವರಿಗೆ ಸಮಾಧಾನವಾದೀತು ಎಂದು ಒಮ್ಮೆ ಅನ್ನಿಸಿತು. ಆದರೆ ಅದು ಅವರನ್ನು ಏಮಾರಿಸಿದಂತೆ. ಮನಸ್ಸು ಒಪ್ಪಲಿಲ್ಲ.

ಅಷ್ಟರಲ್ಲಿ ಐಪ್ಪಸಿ ತಿಂಗಳ ಮಳೆ ಇಳಿಯಿತು. ಈ ಊರಿಗೆ ನಿಜವಾದ ಮಳೆಗಾಲ ಬರುವುದೇ ಆಗ.

ನಮ್ಮ ಭಾಗದ ಕನ್ನಡದವರದೊಂದು ಚಿಕ್ಕ ಕೂಟ. ನವೆಂಬರಿನಲ್ಲಿ ಒಂದು ಭಾನುವಾರ ಹಾಲ್ ಹಿಡಿದು ರಾಜ್ಯೋತ್ಸವ ಮಾಡುತ್ತಿದ್ದೆವು. ಹಾಡು, ಒಂದು ನಾಟಕ, ಆಮೇಲೆ ಎಲೆಯೂಟ. ವರ್ಷದಿಂದ ವರ್ಷಕ್ಕೆ ಜನ ಕಡಿಮೆಯಾಗುತ್ತಿದ್ದರು. ಕಾರ್ಯದರ್ಶಿ ನಾಗರಾಜ್ ತಿಪಟೂರಿನವರು, ನೇರ ಮಾತಿನ ಮನುಷ್ಯ. "ಭಾಷಣಕ್ಕೆ ಯಾರ್ ಬರ್ತಾರೆ ಸಾರ್? ಎಲ್ಲಾ ಬರೋದು ಪದ್ಮಮ್ಮೋರ ಕಾಯಿ ಹೋಳಿಗೆಗೆ. ಈ ಸಲ ಊಟ ಕೆಟ್ರೆ ಮುಂದಿನ್ ವರ್ಷ ಕೂಟಾನೇ ಇರಲ್ಲ" ಎಂದಿದ್ದರು. ಅಡುಗೆಯವರನ್ನು ಗೊತ್ತು ಮಾಡುವುದು, ಪಕ್ಕದಲ್ಲಿ ನಿಂತು ಮಾಡಿಸುವುದು, ಪಂಕ್ತಿಯ ಕೊನೆಯವರೆಗೆ ನೋಡುವುದು ಎಲ್ಲ ಪದ್ಮಮ್ಮನವರ ಹೊಣೆ.

ಆ ಭಾನುವಾರದ ಹಿಂದಿನ ಎರಡು ದಿನ ಬಿಡದೆ ಸುರಿಯಿತು. ಭಾನುವಾರ ಬೆಳಿಗ್ಗೆ ಮಳೆ ತೆಳುವಾದಾಗ ನಾಗರಾಜ್ ಫೋನ್ ಮಾಡಿದರು. "ಸಾರ್, ಪದ್ಮಮ್ಮೋರನ್ನ ಕರ್ಕೊಂಡು ಬೇಗ ಬನ್ನಿ."

ಹಾಲ್ ಎತ್ತರದಲ್ಲಿತ್ತು, ಅದಕ್ಕೇನೂ ಆಗಿರಲಿಲ್ಲ. ಹಿಂದಿನ ಅಡುಗೆ ಶೆಡ್ಡು ತಗ್ಗಿನಲ್ಲಿ. ಅಲ್ಲಿ ಮೊಣಕಾಲುದ್ದ ನೀರು. ಒಲೆಗಳು ಮುಳುಗಿದ್ದವು, ಗ್ಯಾಸಿನ ಕೊಳವೆಗಳು ಕೆಸರಿನಲ್ಲಿ. ಕರೆಂಟು ತೆಗೆದಿದ್ದರು. ಪಲ್ಲಾವರಂನಿಂದ ಬರಬೇಕಿದ್ದ ಅಡುಗೆಯವರು ದಾರಿಯಲ್ಲಿ ಸುರಂಗ ರಸ್ತೆ ಮುಳುಗಿ ವಾಪಸು ಹೋಗಿದ್ದರು. ಹತ್ತಿರದ ಹೋಟೆಲುಗಳೂ ಬಾಗಿಲು ಹಾಕಿದ್ದವು. ಇತ್ತ ಮಳೆ ತೆಳುವಾದದ್ದೇ ಜನ ಫೋನ್ ಮಾಡತೊಡಗಿದ್ದರು: ಕಾರ್ಯಕ್ರಮ ಇದೆ ತಾನೇ, ಊಟ ಇದೆ ತಾನೇ?

ಪದ್ಮಮ್ಮನವರು ಎಲ್ಲವನ್ನೂ ನೋಡಿ, ಹಾಲಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸೀರೆಯ ಅಂಚು ಒದ್ದೆಯಾಗಿತ್ತು. "ವೇಂಡಾಂ ನಾಗರಾಜ್. ಎಲ್ಲಾರ್ಗೂ ಬರಬೇಡಿ ಅಂತ ಹೇಳ್ಬಿಡು. ಬಂದವರ್ನ ಬರೀ ವಯಿತ್ತಲ್ಲಿ ಕಳಿಸೋಕೆ ನನ್ನ ಕೈಲಿ ಆಗಲ್ಲ" ಎಂದರು. ಬರಿಹೊಟ್ಟೆಯಲ್ಲಿ ಕಳಿಸುವ ಮಾತು ಹೇಳುವಾಗ ಸೆರಗಿನಿಂದ ಮುಖ ಒರೆಸಿಕೊಂಡರು. ಅವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

ನಾನು ಉಗ್ರಾಣದೊಳಗೆ ಹೋಗಿ ನೋಡಿದೆ. ಹೆಸರುಬೇಳೆ ಇತ್ತು. ಸೌತೆಕಾಯಿ, ಕ್ಯಾರೆಟ್ಟು, ಮಾವಿನ ಶುಂಠಿ, ನಿಂಬೆಹಣ್ಣು, ಕೊತ್ತಂಬರಿ ಇತ್ತು. ಬಾಳೆಗೊನೆ, ಬೆಲ್ಲ, ಏಲಕ್ಕಿ ಇತ್ತು. ಹೋಳಿಗೆಗೆಂದು ತರಿಸಿದ ಒಂದು ಮೂಟೆ ತೆಂಗಿನಕಾಯಿ ಇತ್ತು. ಹೊರಗೆ ಬಂದು ಅವರ ಪಕ್ಕದ ಮೆಟ್ಟಿಲಲ್ಲಿ ಕೂತೆ.

"ಅಮ್ಮಾ, ಒಲೆ ಬೇಡ. ನಾಲ್ಕು ತಿಂಗಳಿಂದ ನಾನು ಒಲೆ ಇಲ್ಲದೆ ಉಂಡಿದೀನಿ. ಹೇಗೆ ಮಾಡ್ಬೇಕು ಅನ್ನೋದು ನನಗೆ ಗೊತ್ತು. ಇಷ್ಟು ಜನಕ್ಕೆ ಎಷ್ಟು ಬೇಕು, ಯಾವುದನ್ನ ಯಾವಾಗ ಕಲಸಬೇಕು, ಅದು ನಿಮಗೆ ಮಾತ್ರ ಗೊತ್ತು. ಇಬ್ಬರೂ ಸೇರಿ ಮಾಡೋಣ."

"ಪಚ್ಚೆ ಊಟ? ಎಲೇಲಿ? ಜನ ಚಿರಿಸ್ತಾರೆ ರಘು."

"ನಕ್ಕರೆ ನನ್ನನ್ನ ನೋಡಿ ನಗಲಿ. ನಿಮ್ಮ ಹೆಸರು ಬೇಡ, ನನ್ನ ಹೆಸರು ಹೇಳಿ."

ಅವರು ಮೊಣಕಾಲಿನ ಮೇಲೆ ಕೈಯೂರಿ ಎದ್ದರು. "ಬೇಳೆ ನೆನೆಹಾಕು ಮೊದ್ಲು" ಎಂದರು.

ಬೇಳೆ ನೆನೆಹಾಕಿ ಕಾಯಿಯ ಮೂಟೆ ಬಿಚ್ಚಿದೆ. ಮೊದಲನೆಯದನ್ನು ಕೈಗೆ ತೆಗೆದುಕೊಂಡಾಗಲೇ ಕೆಟ್ಟಿದೆಯೆಂದು ಗೊತ್ತಾಯಿತು. ಕಣ್ಣುಗಳ ಸುತ್ತ ಬೂಷ್ಟು. ಒಡೆದರೆ ಒಳಗೆ ಗುಲಾಬಿ ಬಣ್ಣದ ಲೋಳೆ, ಹಳಸಿದ ವಾಸನೆ. ಇನ್ನೊಂದು, ಮತ್ತೊಂದು. ಮೂಟೆಯನ್ನು ಇಟ್ಟಿದ್ದ ಮೂಲೆಯಲ್ಲಿ ಗೋಡೆಯಿಂದ ನೀರು ಜಿನುಗಿ, ವಾರವೆಲ್ಲ ಅದು ಒದ್ದೆಯಲ್ಲೇ ಕೂತಿತ್ತು. ನಾಗರಾಜ್ ತಲೆ ಮೇಲೆ ಕೈಹೊತ್ತು, "ತಿಪಟೂರ್ನೋನು ನಾನು, ನನ್ನ ಕಣ್ಣೆದುರಿಗೇ ಕಾಯಿ ಕೊಳೀತಲ್ಲ ಸಾರ್!" ಎಂದರು. ಕಾಯಿ ಇಲ್ಲದಿದ್ದರೆ ನನ್ನ ಊಟವೇ ಇಲ್ಲ. ಸೆಲ್ವಿಗೆ ಫೋನ್ ಮಾಡಿದೆ. ಮಂಡಿ ಮುಚ್ಚುತ್ತಿದ್ದೇನೆ, ಲಾರಿ ಬಂದಿಲ್ಲ, ಓಣಿಯೆಲ್ಲ ನೀರು ಎಂದಳು. ಬರುವವರೆಗೆ ಮುಚ್ಚಬೇಡಮ್ಮ ಎಂದು ಬೇಡಿಕೊಂಡೆ. "ಸೀಕ್ರಂ ವಾಂಗ ಸಾರ್" ಎಂದು ಇಟ್ಟಳು. ಬೇಗ ಬರಬೇಕಂತೆ.

ಕೂಟದ ಸದಸ್ಯರೊಬ್ಬರ ಸಾಮಾನು ಸಾಗಿಸುವ ವ್ಯಾನಿನಲ್ಲಿ ನಾನೂ ನಾಗರಾಜರೂ ಹೊರಟೆವು. ರಸ್ತೆಯಲ್ಲಿ ನಿಂತ ನೀರನ್ನು ಸೀಳಿಕೊಂಡು ವ್ಯಾನು ದೋಣಿಯ ಹಾಗೆ ಹೋಯಿತು. ಎರಡು ಕಡೆ ಕಾರುಗಳು ಕೆಟ್ಟು ನಿಂತಿದ್ದವು. ಎಂಜಿನ್ನಿನ ಸದ್ದು ಸ್ವಲ್ಪ ಬದಲಾದರೂ ನಾಗರಾಜ್ ಕಣ್ಣು ಮುಚ್ಚಿ ರಂಗನಾಥಸ್ವಾಮಿಯನ್ನು ಕರೆಯುತ್ತಿದ್ದರು. ಕೋಯಂಬೇಡಿನ ಓಣಿಯಲ್ಲಿ ಎಲೆಕೋಸಿನ ಎಲೆಗಳು ತೇಲುತ್ತಿದ್ದವು. ಸೆಲ್ವಿ ಅರ್ಧ ಷಟರ್ ಇಳಿಸಿ, ಮೇಜಿನ ಮೇಲೆ ಕಾಲು ಮಡಿಚಿ ಕೂತಿದ್ದಳು. ಒಳಗೆ ಹಳೆಯದೂ ಹೊಸದೂ ಬೆರೆತ ರಾಶಿ. ಇದ್ದದ್ದು ಅಷ್ಟೇ, ಬೇಕಾದರೆ ಆರಿಸಿಕೋ ಎಂದಳು.

ಪ್ಯಾಂಟು ಮಡಿಚಿ ರಾಶಿಯ ಮುಂದೆ ನಿಂತೆ. ಒಳಗೆ ಕತ್ತಲು, ಕಣ್ಣಿಗೆ ಏನೂ ಕಾಣದು. ಕೈಯನ್ನೇ ನಂಬಬೇಕು. ಎತ್ತುವುದು, ತೂಗುವುದು, ಕಿವಿಗಿಡುವುದು, ಬಲಕ್ಕೆ ಅಥವಾ ಎಡಕ್ಕೆ ಎಸೆಯುವುದು. ನಾಗರಾಜ್ ಮೊದಮೊದಲು, "ಹಂಗೆ ಹೆಂಗ್ ಗೊತ್ತಾಗುತ್ತೆ ಸಾರ್, ಒಂದು ಒಡೆದು ನೋಡಿ" ಎಂದರು. ನಾನು ಬಲಗಡೆಯಿಂದ ಒಂದನ್ನು ಕೊಟ್ಟೆ. ಒಡೆದರು. ಬಿಳುಪು ಕತ್ತಲಲ್ಲೂ ಹೊಳೆಯಿತು. ನೀರು ಕುಡಿದು ನೋಡಿ, "ಸಕ್ರೆ!" ಎಂದು ಕೂಗಿದರು. ಆಮೇಲೆ ಮಾತಿಲ್ಲದೆ ಮೂಟೆ ಹಿಡಿದು ನಿಂತರು. ಎರಡು ಮೂಟೆ ತುಂಬಿತು. ಪಾಯಸಕ್ಕೆಂದು ಗಂಜಿ ಕಟ್ಟಿದ ಎಳನೀರೂ ಸಿಕ್ಕಿತು. ಹೊರಡುವಾಗ ಸೆಲ್ವಿ ತನ್ನ ಲೆಕ್ಕಕ್ಕೆ ಇನ್ನೊಂದು ಗೊನೆ ಎಳನೀರನ್ನು ವ್ಯಾನಿಗೆ ಎತ್ತಿಹಾಕಿಸಿ, ಷಟರ್ ಪೂರ್ತಿ ಇಳಿಸಿದಳು.

ವಾಪಸು ಬರುವ ಹೊತ್ತಿಗೆ ಪದ್ಮಮ್ಮನವರು ಹಾಲ್ ಅನ್ನು ಪಾಳೆಯ ಮಾಡಿಬಿಟ್ಟಿದ್ದರು. ಕರೆಂಟಿಲ್ಲದ ಮೇಲೆ ಮಿಕ್ಸಿ ಇಲ್ಲ. ಸುತ್ತಲ ಮನೆಗಳಿಂದ ಈಳಿಗೆಮಣೆಗಳು ಬಂದಿದ್ದವು, ಒರಳುಕಲ್ಲೊಂದು ಬಂದಿತ್ತು, ಹಿಂಡಲು ಹೊಸ ಪಂಚೆಗಳು ಬಂದಿದ್ದವು. ಕಾಯಿ ಒಡೆಯುವವರು ಒಂದು ಕಡೆ, ತುರಿಯುವವರು ಒಂದು ಕಡೆ. ನಾಟಕದಲ್ಲಿ ರಾಜನ ಪಾತ್ರ ಮಾಡುವ ಆಡಿಟರು ಮೀಸೆ, ಕಿರೀಟಗಳ ಸಮೇತ ಈಳಿಗೆಮಣೆಯ ಮೇಲೆ ಕೂತು ತುರಿಯುತ್ತಿದ್ದರು. ಅವರ ಹೆಂಡತಿ, "ಮನೇಲಿ ಒಂದು ದಿನ ಈ ಕೆಲಸ ಮಾಡಿದ್ದೀರಾ?" ಎಂದಾಗ ಇಡೀ ಹಾಲ್ ನಕ್ಕಿತು. ನಾನು ಹಾಲು ಹಿಂಡಲು ನಿಂತೆ. ಪಂಚೆಯ ಎರಡು ತುದಿ ಹಿಡಿದು ನಾನೂ ನಾಗರಾಜರೂ ತಿರುಚಿದರೆ ಬೆಳ್ಳನೆಯ ಹಾಲು ಕೊಳದಪ್ಪಲೆಗೆ ಸುರಿಯುತ್ತಿತ್ತು. ಹಾಲ್ ತುಂಬ ಅದರದೇ ಪರಿಮಳ.

ಜಗಳವಾದದ್ದು ಒಂದೇ ವಿಷಯಕ್ಕೆ.

"ತಾಳಿಪ್ಪು ಇಲ್ದೆ ಕೋಸಂಬರಿನಾ?" ಎಂದರು ಪದ್ಮಮ್ಮ. "ಸಾಸಿವೆ ಸಿಡೀದೆ, ಪೆರುಂಗಾಯ ಬೀಳ್ದೆ? ಯಾರದಾದ್ರೂ ಮನೇಲಿ ಒಂದು ಸೌಟು ಎಣ್ಣೆ ಕಾಯಿಸ್ಕೊಂಡು ಬರ್ಲಿ."

"ಬೇಡಮ್ಮ. ಕಾಯಿ ಇವತ್ತು ಚೆನ್ನಾಗಿದೆ. ಇಂಗಿನ ಒಗ್ಗರಣೆ ಹಾಕಿದರೆ ಅದರ ರುಚಿ ಮುಚ್ಚಿಹೋಗತ್ತೆ. ಒಂದು ಸಲ ಹಾಗೇ ತಿಂದು ನೋಡಿ."

ಅವರು ಮುಖ ಗಂಟಿಕ್ಕಿಕೊಂಡೇ ಒಂದು ಚಿಟಿಕೆ ಕೋಸಂಬರಿ ಅಂಗೈಗೆ ಹಾಕಿಕೊಂಡು ಬಾಯಿಗೆ ಎಸೆದರು. ಅಗಿದರು. ಇನ್ನೊಂದು ಚಿಟಿಕೆ ತೆಗೆದುಕೊಂಡರು. ಆಮೇಲೆ ನನ್ನ ಕಡೆ ನೋಡದೆ, "ಮಾವಿನ ಶುಂಠಿ ಇನ್ನೂ ಸ್ವಲ್ಪ ಬೀಳ್ಲಿ. ಉಪ್ಪು ಈಗ್ಲೇ ಹಾಕಬೇಡಿ, ನೀರು ಬಿಟ್ಕೊಳ್ಳುತ್ತೆ. ಪಂಕ್ತಿ ಕೂತ ಮೇಲೆ ಹಾಕಿ" ಎಂದು ಕೂಗಿ ಹೇಳಿದರು. ಒಗ್ಗರಣೆಯ ಮಾತು ಮತ್ತೆ ಬರಲಿಲ್ಲ.

ಬೀದಿಯ ಅಂಗಡಿಯಿಂದ ಅವಲಕ್ಕಿ ಬಂತು. ಅವಲಕ್ಕಿ ಆಗುವ ಮುಂಚೆಯೇ ಭತ್ತ ಒಮ್ಮೆ ಬೆಂದಿರುತ್ತದೆ, ನನ್ನ ಶಿಬಿರದವರು ಒಪ್ಪುತ್ತಿರಲಿಲ್ಲ. ಬೆಲ್ಲದ ಕತೆಯೂ ಅಷ್ಟೇ. ಆ ದಿನ ನನಗೆ ಅದರ ಚಿಂತೆ ಇರಲಿಲ್ಲ. ಕಾಯಿಹಾಲಿನಲ್ಲೇ ನೆನೆಸಿ, ನಿಂಬೆಹಣ್ಣು, ಹಸಿಮೆಣಸಿನಕಾಯಿ, ತುರಿ, ಕೊತ್ತಂಬರಿ ಹಾಕಿ ಕಲಸಿದೆವು. ಬಾಳೆಹಣ್ಣಿನ ರಸಾಯನ, ಎಳನೀರು ಗಂಜಿಯ ಪಾಯಸ, ಕಾಯಿ ಬೆಲ್ಲದ ಉಂಡೆ, ಸೌತೆಕಾಯಿಯ ಹಸಿ ಗೊಜ್ಜು. ಎಲೆಯ ಯಾವ ಮೂಲೆಗೆ ಯಾವುದು, ಯಾವುದರ ಹಿಂದೆ ಯಾವುದು ಹೋಗಬೇಕು ಎಂದು ಪದ್ಮಮ್ಮನವರೇ ನಿಂತು ಹೇಳಿದರು. ಅವರು ಹೇಳಿದ ಮೇಲೆ ಅದು ಎಲೆಯೂಟದ ಹಾಗೇ ಕಾಣಿಸಿತು.

ಜನ ಬಂದರು. ಕೊಡೆ ಮಡಿಚಿ, ಸೀರೆ, ಪ್ಯಾಂಟು ಹಿಂಡಿಕೊಂಡು ಬಂದರು. ಹೋದ ವರ್ಷಕ್ಕಿಂತ ಹೆಚ್ಚಿಗೇ ಬಂದರು. ಕರೆಂಟಿಲ್ಲದ ಮನೆಯಲ್ಲಿ ಕೂತು ಬೇಸತ್ತಿದ್ದರೇನೋ. ಮೈಕಿಲ್ಲದೆ ಹಾಡಿದರು, ಮೇಣದ ಬತ್ತಿಯ ಬೆಳಕಿನಲ್ಲಿ ರಾಜ ರಾಜ್ಯವಾಳಿದ. ಊಟಕ್ಕೆ ಮುಂಚೆ ನಾಗರಾಜ್ ಎದ್ದು ನಿಂತು, ಇವತ್ತು ಹೋಳಿಗೆ ಇಲ್ಲ, ಬೇಯಿಸಿದ್ದು ಏನೂ ಇಲ್ಲ ಎಂದಾಗ ಹಾಲಿನಲ್ಲಿ ಒಂದು ಗುಜುಗುಜು ಎದ್ದಿತು. ನಾನು ಅವಲಕ್ಕಿಯ ಬೇಸಿನ್ ಎತ್ತಿಕೊಂಡೆ.

ಮೊದಲ ಪಂಕ್ತಿಗೆ ಬಡಿಸಿಕೊಂಡು ಹೋದೆ. ಸಾಲಿನ ಕೊನೆ ಮುಟ್ಟಿ ಹಿಂದಿರುಗಿ ನೋಡಿದರೆ ಮೊದಲ ಎಲೆ ಖಾಲಿ. ಅಲ್ಲಿ ಕೂತಿದ್ದ ಹಿರಿಯರೊಬ್ಬರು ಬೆರಳು ನೆಕ್ಕುತ್ತ, "ಏನ್ರೀ, ಕೋಸಂಬರಿ ಅಷ್ಟೇನಾ ಇರೋದು?" ಎಂದರು. ಅಲ್ಲಿಂದ ಶುರುವಾಯಿತು. ಇಲ್ಲಿ ಅವಲಕ್ಕಿ, ಅಲ್ಲಿ ರಸಾಯನ, ಆ ಕಡೆ ಪಾಯಸ. ಕನ್ನಡದಲ್ಲಿ, ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಕರೆದರು. ಎರಡನೆಯ ಪಂಕ್ತಿಗೆ ಸಾಲದೆ ಮತ್ತೆ ಕಾಯಿ ಒಡೆಯಬೇಕಾಯಿತು. ಉಂಡು ಎದ್ದವರೇ ಈಳಿಗೆಮಣೆಗೆ ಕೂತರು. ಯಾರೋ, "ಇದನ್ನು ಮಾಡಿದವರು ಯಾರು?" ಎಂದು ಕೂಗಿ ಕೇಳಿದರು. ನಾನು ಹೇಳಿದ್ದೆನಲ್ಲ, ನನ್ನ ಹೆಸರು ಹೇಳಿ ಎಂದು. ಪದ್ಮಮ್ಮನವರು ಹಾಲ್ ನಡುವೆ ನಿಂತು, "ನಾನೂ, ನಮ್ಮ ಮಹಡಿ ಮನೆ ರಘುವೂ" ಎಂದು ಜೋರಾಗಿ ಹೇಳಿದರು. ಚಪ್ಪಾಳೆ ಬಿತ್ತು. ಅಷ್ಟು ಜನ ನನಗಾಗಿ ಚಪ್ಪಾಳೆ ತಟ್ಟಿದ್ದು ಅದೇ ಮೊದಲು, ಇವತ್ತಿನವರೆಗೆ ಅದೇ ಕೊನೆ. ನನಗೆ ಅದು ಸಾಕು.

ಕೂಟ ನಿಲ್ಲಲಿಲ್ಲ. ಈಗಲೂ ನಡೆಯುತ್ತಿದೆ, ಹೋಳಿಗೆಯ ಪಕ್ಕದಲ್ಲಿ ಒಗ್ಗರಣೆಯಿಲ್ಲದ ಕೋಸಂಬರಿಯೂ ಇರುತ್ತದೆ. ಬೇರೆ ಮನೆ ನೋಡುವ ಮಾತನ್ನು ಪದ್ಮಮ್ಮ ಮತ್ತೆ ಎತ್ತಲಿಲ್ಲ. ಬೇಸಿಗೆಯಲ್ಲಿ ಶೈಲಾ ಬಂದಳು, 'ಹುಳಿ ಅನ್ನ ಮಾಡಿದೀನಿ, ಸುಮ್ಮನೆ ಉಣ್ಣಿ' ಎಂದಳು, ಉಂಡೆ. ಬೆಳಗಿನ ಹೊತ್ತು ಮಾತ್ರ ಇಂದಿಗೂ ನನ್ನದು ಕಾಯಿಯ ಊಟವೇ.

ಆ ದಿನದ್ದು ಇನ್ನೊಂದು ಮಾತು ಉಳಿದಿದೆ. ಎಲ್ಲರೂ ಎದ್ದ ಮೇಲೆ, ಕೊನೆಯ ಪಂಕ್ತಿಗೆ ಪಾತ್ರೆಗಳ ತಳದಲ್ಲಿ ಉಳಿದದ್ದನ್ನು ಹಂಚಿಕೊಂಡು ನಾವು ಕೆಲಸ ಮಾಡಿದವರು ಕೂತೆವು. ಪದ್ಮಮ್ಮನವರಿಗೆ ಎಲೆ ಹಾಕಿದೆ. ಅವರು ಕೂರಲಿಲ್ಲ. ನನ್ನ ಕೈಯಿಂದ ಸೌಟು ಕಿತ್ತುಕೊಂಡು, "ನೀ ಮೊದ್ಲು ಕೂತ್ಕೋ" ಎಂದು ಭುಜ ಅದುಮಿ ಕೂರಿಸಿದರು. ಕೋಸಂಬರಿ ಬಡಿಸಿದರು, ಅವಲಕ್ಕಿ ಬಡಿಸಿದರು, ಉಂಡೆ ಇಟ್ಟರು. ರಸಾಯನವನ್ನು ಎರಡು ಸೌಟು ಹಾಕಿ ಮೂರನೆಯದಕ್ಕೆ ಬಗ್ಗಿದಾಗ ನನ್ನ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕೆಂದುಕೊಂಡು ತಲೆಯೆತ್ತಿದೆ. ಅವರು ನನ್ನ ಮುಖವನ್ನೇ ನೋಡುತ್ತ, ಸೌಟು ಹಿಡಿದು ಬಗ್ಗಿಯೇ ನಿಂತಿದ್ದರು.

"ಹಾಕಿ ಅಮ್ಮ" ಎಂದೆ.